ಕೊನೆಯ ಕಫದ ಡಬ್ಬಿ

ನಿನ್ನೆ ರಿಪೋರ್ಟ್ ಬಂತು. ಕಫದಲ್ಲಿ ಟಿಬಿ ಇಲ್ಲ. ಔಷಧಿ ಮುಗಿದು ಎರಡು ವರ್ಷ ಆಯಿತು, ಇದೇ ಕೊನೆಯ ತಪಾಸಣೆ. ಕಲಬುರಗಿಯ ನಮ್ಮ ಓಣಿಯವರಿಗೆ, ದವಾಖಾನೆಯವರಿಗೆ ನಾಲ್ಕು ಮಾತು ಹೇಳಲೇಬೇಕು.

2021ರಲ್ಲಿ ಮೊದಲ ಸಲ ಬಂದಾಗ ಆರು ತಿಂಗಳು ಒಂದು ದಿನವೂ ತಪ್ಪದೆ ಗುಳಿಗೆ ನುಂಗಿದ್ದೆ. ಆಮೇಲೆ ಆರಾಮ ಇದ್ದೀನಲ್ಲ ಅಂತ ತಪಾಸಣೆಗೆ ಹೋಗಲಿಲ್ಲ. 2023ರ ಜನವರಿಯಲ್ಲಿ ಮತ್ತೆ ಕೆಮ್ಮು, ಸಂಜೆ ಜ್ವರ. ತೂಕ 38 ಕಿಲೋಗೆ ಇಳಿಯಿತು. "ಗುಳಿಗೆ ನಡುವೆ ಬಿಟ್ಟಿರಬೇಕು" ಅಂತ ಮಂದಿ ಆಡಿಕೊಂಡರು. ಅದು ರೋಗಕ್ಕಿಂತ ಜಾಸ್ತಿ ನೋಯಿಸಿತು. ಡಾಕ್ಟರ್ ನಮ್ಮ ಅತ್ತೆಯ ಎದುರೇ ಹೇಳಿದರು: "ಪೂರ್ತಿ ಮುಗಿಸಿದರೂ ಕೆಲವರಿಗೆ ಮರಳಿ ಬರುತ್ತದಮ್ಮ. ಅದಕ್ಕೇ ಎರಡು ವರ್ಷ, ಆರು ತಿಂಗಳಿಗೊಮ್ಮೆ ಕರೆಯುವುದು." ಆ ಒಂದು ಮಾತಿಗೆ ನಾನು ಋಣಿ, ಡಾಕ್ಟರ್.

ಎರಡನೇ ಸಲ ಬಂದರೆ ಔಷಧಿಗೆ ಬಗ್ಗದ ಟಿಬಿ ಇರುವ ಭಯ ಜಾಸ್ತಿ. ಅದನ್ನು ಪತ್ತೆ ಹಚ್ಚುವ ಸಿಬಿನ್ಯಾಟ್ ಪರೀಕ್ಷೆಯಲ್ಲಿ, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ನನಗೆ ಕೆಲಸ ಮಾಡುತ್ತದೆ ಅಂತ ಬಂದಾಗ ಕಾರಿಡಾರಿನಲ್ಲೇ ಕೂತು ಅತ್ತುಬಿಟ್ಟೆ.

ಆಶಾ ಕಾರ್ಯಕರ್ತೆ ಅಕ್ಕ ದಿನಾ ಬೆಳಿಗ್ಗೆ ಬಂದು, ಮೂರೂ ಗುಳಿಗೆ ನುಂಗಿದ್ದನ್ನು ನೋಡಿಯೇ ಹೋಗುತ್ತಿದ್ದರು. ಆ ಗುಳಿಗೆಯಲ್ಲಿರುವ ಎಥಾಂಬ್ಯುಟಾಲ್ ಅನ್ನುವ ಔಷಧಿ ಕಣ್ಣಿಗೆ ತೊಂದರೆ ಮಾಡಬಹುದಂತೆ. ಅದಕ್ಕೆ ನನ್ನ ಹೊಲಿಗೆ ಮಷಿನ್ ಮೇಲಿನ ಕೆಂಪು, ಹಸಿರು ದಾರದ ರೀಲು ಎತ್ತಿ ಹಿಡಿದು, "ಇದು ಯಾವುದು? ಇದು?" ಅಂತ ಕೇಳುತ್ತಿದ್ದರು. ಅಷ್ಟು ಕಾಳಜಿ ಯಾರು ಮಾಡುತ್ತಾರೆ?

ಲ್ಯಾಬಿನ ತಮ್ಮನಿಗೂ ಥ್ಯಾಂಕ್ಸ್. ಆರಾಮಾದ ಮೇಲೆ ಕಫ ಬರುವುದೇ ಕಷ್ಟ. ಸುಮ್ನೆ ಉಗುಳಿದರೆ ನಡೆಯುವುದಿಲ್ಲ, ಎದೆಯ ಆಳದಿಂದ ಬರಬೇಕು. "ಅಕ್ಕ, ಅವಸರ ಬೇಡ, ಉದ್ದಕ್ಕೆ ಉಸಿರು ತಗೊಂಡು ಕೆಮ್ಮಿ" ಅಂತ ಪ್ರತಿ ಸಲ ಕಾಯುತ್ತಿದ್ದ. ಒಮ್ಮೆ ಎಕ್ಸ್‌ರೇಯಲ್ಲಿ ಬಿಳಿ ಕಲೆ ನೋಡಿ ಎದೆ ಧಸಕ್ ಅಂದಿತ್ತು. ಡಾಕ್ಟರ್ ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದರು: ಅದು ಮಾಸಿದ ಗಾಯದ ಗುರುತು, ಹಾಗೇ ಉಳಿಯುತ್ತದೆ.

ಬೇರೆಯವರು ಹೊಲಿಯಲು ಕೊಟ್ಟ ಬಟ್ಟೆಯನ್ನು ರೋಗಕ್ಕೆ ಹೆದರಿ ವಾಪಸ್ ಒಯ್ದಾಗ ಎದುರು ಮನೆ ಕಾಕಿ ಮಾತ್ರ ಎರಡು ಜಂಪರ್ ಹೊಲಿಯಲು ಕೊಟ್ಟರು. ಟಿಬಿ ರೋಗಿಗಳ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್‌ದ ದುಡ್ಡು, ಆಗ ತಿಂಗಳಿಗೆ 500 ರೂಪಾಯಿ, ಆ ಹೊಲಿಗೆ ದುಡ್ಡು, ಎರಡರಲ್ಲೇ ತತ್ತಿ, ಶೇಂಗಾ ನಡೆಯಿತು.

ಈಗ ತೂಕ 47. ಆಶಾ ಅಕ್ಕ, ಪಂಚಮಿ ಹಬ್ಬಕ್ಕೆ ನಿಮ್ಮ ಜಂಪರ್ ನಾನೇ ಹೊಲಿಯುತ್ತೇನೆ. ಅಳತೆ ಕೊಡಲು ಬನ್ನಿ.