ಪಹಣಿ ಇಲ್ಲದವರಿಗೂ ಸೊಸೈಟಿ ಸಾಲ ಸಿಗಲಿ

ಸಂಪಾದಕರಿಗೆ ನಮಸ್ಕಾರ.

ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ. ನಮ್ಮೂರ ಸೊಸೈಟಿ ಮುಂದೆಯೂ ಏಳು ಬಣ್ಣದ ಬಾವುಟ ಹಾರುತ್ತದೆ, ಭಾಷಣ ಆಗುತ್ತದೆ, ಸಿಹಿ ಹಂಚುತ್ತಾರೆ. ಪಾಂಡವಪುರ ತಾಲ್ಲೂಕಿನ ಒಂದು ಸೊಸೈಟಿಯಲ್ಲಿ 31 ವರ್ಷ ಕಾರ್ಯದರ್ಶಿಯಾಗಿದ್ದವನು ನಾನು. ಭಾಷಣಗಳಲ್ಲಿ ಕಣಗಿನಹಾಳದ ಹೆಸರು ಬರುತ್ತದೆ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಹೆಸರು ಬರುತ್ತದೆ. ಬರಲೇಬೇಕು. 1905ರಲ್ಲಿ ಗದಗ ಸೀಮೆಯ ಆ ಹಳ್ಳಿಯಲ್ಲಿ ಅವರು ಕಟ್ಟಿದ ಸಂಘದಿಂದಲೇ ನಮ್ಮ ದಾರಿ ಶುರುವಾಗಿದ್ದು. ಆದರೆ ಅದಕ್ಕೂ ಹಿಂದೆ ಹಳ್ಳಿಯ ಸಾಲ ಸಂಘಗಳಿಗೆ ದಾರಿ ಹಾಕಿಕೊಟ್ಟ ಜರ್ಮನಿಯ ಒಬ್ಬ ಮೇಯರ್ ಇದ್ದರು, ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್. ಅವರ ಹೆಸರನ್ನು ನಮ್ಮ ಕಡೆ ಯಾವ ವೇದಿಕೆಯಲ್ಲೂ ನಾನು ಕೇಳಿಲ್ಲ. ಟ್ರೈನಿಂಗಿಗೆ ಹೋದಾಗ ಪರೀಕ್ಷೆಗೋಸ್ಕರ ಒಂದು ಸಾಲು ಬಾಯಿಪಾಠ ಮಾಡಿಸಿದ್ದರು, ಅಷ್ಟೇ. ನಿವೃತ್ತಿಯಾದ ಮೇಲೆ ಪುರುಸೊತ್ತಾಗಿ ಓದಿದೆ. ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಮೇಯರ್ ಅಂದರೆ ಮೈಸೂರಿನ ಮೇಯರ್ ಥರ ಅಂದುಕೊಳ್ಳಬೇಡಿ. 1845ರಲ್ಲಿ ಅವರಿಗೆ ಸಿಕ್ಕಿದ್ದು ವೆಸ್ಟರ್‌ವಾಲ್ಡ್ ಗುಡ್ಡಗಾಡಿನ ವೈಯರ್‌ಬುಷ್ ಅನ್ನೋ ಸಣ್ಣ ಊರು. ಅದಕ್ಕೆ ಸೇರಿದ 20ಕ್ಕೂ ಹೆಚ್ಚು ಹಳ್ಳಿ. ನಮ್ಮ ಹೋಬಳಿ ಇದ್ದ ಹಾಗೆ. ಒಂಬತ್ತು ಮಕ್ಕಳಲ್ಲಿ ಏಳನೆಯವರಾಗಿ 1818ರಲ್ಲಿ ಹುಟ್ಟಿದವರು. 17ನೇ ವಯಸ್ಸಿಗೆ ಸೈನ್ಯ ಸೇರಿ, ಕಣ್ಣಿನ ಕಾಯಿಲೆಯಿಂದ ಅದನ್ನು ಬಿಟ್ಟು ಈ ಕೆಲಸಕ್ಕೆ ಬಂದಿದ್ದರು. ಬಂದ ಮರುವರ್ಷವೇ ಬರ. ಆಲೂಗಡ್ಡೆಗೆ ರೋಗ ಬಿತ್ತು, ಬೆಳೆ ಕೈಕೊಟ್ಟಿತು. 1846-47ರ ಚಳಿಗಾಲದಲ್ಲಿ ಜನ ಹಸಿವಿನಿಂದ ಕಂಗಾಲಾದರು.

ಸರ್ಕಾರ ಧಾನ್ಯ ಕಳಿಸಿತು, ಆದರೆ ನಗದು ಕೊಟ್ಟವರಿಗೆ ಮಾತ್ರ ಮಾರಬೇಕು ಅಂತ ಆದೇಶ. ಕಾಸಿದ್ದವರಿಗೆ ಹಸಿವೆಲ್ಲಿ? ರೈಫೈಸನ್ ಇಲ್ಲದವರಿಗೆ ಉದ್ರಿ ಕೊಟ್ಟರು. ಊರಿನ ಅನುಕೂಲಸ್ಥರಿಂದ ಹಣ ಕೂಡಿಸಿ ರೊಟ್ಟಿ ಸಂಘ ಮಾಡಿದರು, ಊರಿಗೇ ಒಂದು ದೊಡ್ಡ ಒಲೆಮನೆ ಕಟ್ಟಿಸಿದರು. ಅಲ್ಲಿ ಬೇಯಿಸಿದ ಬ್ರೆಡ್ಡು ಪೇಟೆ ರೇಟಿಗಿಂತ ಬಹಳ ಕಮ್ಮಿಗೆ ಸಿಕ್ಕಿತು. ಮೇಲಿನವರ ಆದೇಶ ಕೈಯಲ್ಲಿ ಹಿಡಿದು, ಎದುರಿಗೆ ಹಸಿದವರನ್ನು ನಿಲ್ಲಿಸಿಕೊಂಡು ಕೂರೋದು ಎಂಥ ಕಷ್ಟ ಅಂತ ಸೊಸೈಟಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

1848ರಲ್ಲಿ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗ ಆಯಿತು. ಅಲ್ಲಿನ ಬಡ ರೈತರ ಕೊರಳಿಗೆ ಸುತ್ತಿಕೊಂಡಿದ್ದು ದನದ ಸಾಲ. ವ್ಯಾಪಾರಿಗಳು ಸಾಲದ ಮೇಲೆ ಹಸು ಕೊಡುತ್ತಿದ್ದರು. ಕಂತು ತಪ್ಪಿದರೆ ಹಸು ವಾಪಸ್, ಕಟ್ಟಿದ್ದು ಬಡ್ಡಿಗೇ ಸಮ. ಮರುವರ್ಷ ರೈಫೈಸನ್ ಸುಮಾರು 60 ಜನ ಸ್ಥಿತಿವಂತರನ್ನು ಸೇರಿಸಿ ಒಂದು ಸಂಘ ಮಾಡಿದರು. ಅವರೆಲ್ಲ ತಮ್ಮ ಆಸ್ತಿಯನ್ನೇ ಹೊಣೆಯಾಗಿಟ್ಟು ಹಣ ಎತ್ತಿದರು. ಸಂಘವೇ ಹಸು ಕೊಂಡು ರೈತನ ಕೊಟ್ಟಿಗೆಯಲ್ಲಿ ಕಟ್ಟಿತು. ತೀರಿಸಲು ಐದು ವರ್ಷದ ಕಂತು.

ಇದನ್ನು ಓದುವಾಗ ನನಗೆ ನಮ್ಮ ಬೀದಿಯ ಒಬ್ಬ ಹೆಣ್ಣುಮಗಳ ಮುಖ ಕಣ್ಣಮುಂದೆ ಬಂತು. ಗಂಡ ಆಲೆಮನೆಯಲ್ಲಿ ಕೂಲಿ. ಒಂದು ಸೀಮೆಹಸು ಇತ್ತು, ಡೈರಿಗೆ ಹಾಲು ಹಾಕಿ ಮನೆ ನಡೆಸುತ್ತಿದ್ದಳು. ಹೊಟ್ಟೆ ಉಬ್ಬರಿಸಿ ಒಂದೇ ರಾತ್ರಿಗೆ ಹಸು ಹೋಯಿತು. ಬೆಳಿಗ್ಗೆ ಸೊಸೈಟಿ ಬಾಗಿಲು ತೆರೆಯೋ ಹೊತ್ತಿಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ಡೈರಿಯ ಹಾಲಿನ ಪುಸ್ತಕ. ಮೂರು ವರ್ಷ ಒಂದು ಹೊತ್ತೂ ತಪ್ಪದೆ ಹಾಲು ಹಾಕಿದ ಲೆಕ್ಕ ಅದರಲ್ಲಿತ್ತು. "ಇದ್ನ ನೋಡಿ ಕೊಡಿ ಅಣ್ಣ" ಅಂದಳು. ನಾನು ಕೇಳಿದ್ದು ಪಹಣಿ. ಅವಳ ಹೆಸರಲ್ಲಿ ಒಂದು ಗುಂಟೆಯೂ ಇರಲಿಲ್ಲ. ವಾಪಸ್ ಕಳಿಸಿದೆ. ಯಾರೋ ದೂರದವರಲ್ಲ, ಅವಳ ಮದುವೆಯಲ್ಲಿ ಊಟ ಬಡಿಸಿದ ನಾನೇ ಕಳಿಸಿದೆ.

ಅವಳು ವಾರದ ಕಂತಿನ ಒಂದು ಕಂಪನಿಯಲ್ಲಿ ಸಾಲ ತೆಗೆದಳು. ಆ ಕಂತು ಕಟ್ಟಲು ಇನ್ನೊಂದು ಕಡೆ. ಮಂಗಳವಾರ ಬಂತೆಂದರೆ ಅವರ ಮನೆ ಜಗುಲಿ ಮೇಲೆ ವಸೂಲಿ ಹುಡುಗರು ಕೂತಿರುತ್ತಿದ್ದರು. ಕೊನೆಗೆ ಸಾಲ ಮಾಡಿ ತಂದ ಹಸುವನ್ನೇ ಮಾರಿದಳು. ಇಂಥ ಕಿರುಕುಳ ತಡೆಯಲು 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಒಳ್ಳೆಯದೇ ಆಯಿತು. ಆದರೆ ವಸೂಲಿ ಹುಡುಗರನ್ನು ತಡೆದರೆ ಸಾಕಾ? ಹಸು ಸತ್ತ ದಿನ ಅವಳು ಯಾರ ಬಾಗಿಲಿಗೆ ಹೋಗಬೇಕು?

ರೈಫೈಸನ್ ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಆಮೇಲೆ ಮೇಯರ್ ಆಗಿ ಹೋದ ಹೆಡ್ಡೆಸ್‌ಡೋರ್ಫ್ ಊರಿನಲ್ಲಿ ಅವರು ದಾರಿ ಬದಲಿಸಿದ್ದು. 1854ರಲ್ಲಿ ಅಲ್ಲಿ ದಾನಧರ್ಮದ ಸಂಘ ಕಟ್ಟಿದರು. ಅನಾಥ ಮಕ್ಕಳನ್ನು ನೋಡಿಕೊಳ್ಳೋದು, ಜೈಲಿನಿಂದ ಬಂದವರಿಗೆ ಕೆಲಸ ಕೊಡಿಸೋದು, ಬಡವರಿಗೆ ಸಾಲ, ಎಲ್ಲವೂ ಇತ್ತು. ಉಳ್ಳವರು ಕೊಡುವುದು, ಇಲ್ಲದವರು ಪಡೆಯುವುದು. ವರ್ಷ ಕಳೆದಂತೆ ಕೊಡುವವರ ಉತ್ಸಾಹ ಇಳಿಯಿತು. ಹತ್ತು ವರ್ಷ ಬೆವರು ಸುರಿಸಿದ್ದನ್ನು ಸರಿ ಇಲ್ಲ ಅಂತ ಒಪ್ಪಿಕೊಳ್ಳೋದು ಸುಲಭ ಅಲ್ಲ. ಅವರು ಒಪ್ಪಿಕೊಂಡರು. 1864ರಲ್ಲಿ ಸಾಲದ ಸಂಘ ಕಟ್ಟಿದಾಗ ಸಾಲ ಪಡೆಯುವವನೂ ಸದಸ್ಯನೇ ಆಗಬೇಕು ಅಂತ ಮಾಡಿದರು. ಒಬ್ಬ ಕಟ್ಟದಿದ್ದರೆ ಎಲ್ಲರೂ ಹೊಣೆ. ಸಂಘದ ಎಲ್ಲೆ ಚಿಕ್ಕದು, ಒಬ್ಬರ ಮುಖ ಒಬ್ಬರಿಗೆ ಗೊತ್ತಿರುವಷ್ಟು. ಆಡಳಿತ ನೋಡುವವರಿಗೆ ಸಂಬಳವಿಲ್ಲ. ಉಳಿದ ಲಾಭವನ್ನು ಹಂಚಿಕೊಳ್ಳದೆ ನಿಧಿಗೆ ಸೇರಿಸಬೇಕು. ಕಾಗದಕ್ಕಿಂತ ಹೆಚ್ಚಾಗಿ ಮನುಷ್ಯನ ನಡತೆ ನೋಡಿ, ಜಾಮೀನು ನೋಡಿ ಸಾಲ.

ಕಣ್ಣು, ಆರೋಗ್ಯ ಎರಡೂ ಕೆಟ್ಟು 1865ರಲ್ಲಿ ಕೆಲಸ ಬಿಟ್ಟರು. ಹೆಂಡತಿ ಆಗಲೇ ತೀರಿಕೊಂಡಿದ್ದರು. ಪಿಂಚಣಿ ಸಾಲದೆ ವೈನ್ ವ್ಯಾಪಾರ ಮಾಡಿ ಬದುಕಿದರು. ಹೆಚ್ಚುಕಮ್ಮಿ ಕುರುಡಾದ ಮೇಲೂ ಸಂಘದ ಕೆಲಸ ಬಿಡಲಿಲ್ಲ. ಮಗಳು ಅಮಾಲಿ ಪತ್ರ ಓದಿ ಹೇಳುತ್ತಿದ್ದಳು, ಇವರು ಹೇಳಿದ್ದನ್ನು ಬರೆಯುತ್ತಿದ್ದಳು. ನನ್ನ ಕಣ್ಣಿಗೂ ಪೊರೆ ಬಂದು, ಈ ಪತ್ರವನ್ನು ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ಆ ಮಗಳ ವಿಷಯ ಹೇಳುವಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. 1888ರ ಮಾರ್ಚ್ 11ರಂದು ರೈಫೈಸನ್ ತೀರಿಕೊಂಡರು. 70 ತುಂಬಲು ಮೂರು ವಾರವೂ ಇರಲಿಲ್ಲ.

ಮುಂದೆ ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ರೈತರ ಸಾಲದ ಬಗ್ಗೆ ದೊಡ್ಡ ವರದಿ ಬರೆದರು. ಅದರ ಸಾರ ಎರಡೇ ಮಾತು: ರೈಫೈಸನ್‌ನನ್ನು ಹುಡುಕಿ. ಬ್ರಿಟಿಷ್ ಸರ್ಕಾರದ 1904ರ ಸಹಕಾರ ಸಾಲ ಸಂಘಗಳ ಕಾಯ್ದೆ ಬಂದಿದ್ದು ಆ ಬೆನ್ನಿಗೇ. 1905ರಲ್ಲಿ ನಮ್ಮ ಮೈಸೂರು ಸಂಸ್ಥಾನವೂ ತನ್ನದೇ ಕಾನೂನು ಮಾಡಿತು.

ಈಗಿನ ನಮ್ಮ ಸೊಸೈಟಿಗಳ ಮೇಲೆ ನನಗೆ ಕೋಪ ಇಲ್ಲ, ಪ್ರೀತಿ ಇದೆ. ಶೂನ್ಯ ಬಡ್ಡಿ ಬೆಳೆಸಾಲದಿಂದ ಎಷ್ಟೋ ಮನೆ ಉಳಿದಿವೆ. ಆದರೆ ಆ ದುಡ್ಡು ಮೇಲಿನ ಬ್ಯಾಂಕಿನಿಂದ ಬರುತ್ತದೆ, ಭೂಮಿ ಇದ್ದವರಿಗೆ ಹೋಗುತ್ತದೆ. ದಕ್ಷಿಣ ಕನ್ನಡದ ಸಂಘಗಳನ್ನು ನೋಡಿ, ಊರವರ ಠೇವಣಿಯಿಂದಲೇ ಬೆಳೆದು ನಿಂತಿವೆ. ಮಂಡ್ಯ ಜಿಲ್ಲೆಯಲ್ಲಿ ಏಕೆ ಆಗಬಾರದು? ಕಬ್ಬಿನ ಬಟವಾಡೆ ಬಂದ ವಾರ ನಮ್ಮೂರಲ್ಲಿ ದುಡ್ಡು ಇರುವುದಿಲ್ಲವೇ? ಅದು ಚೀಟಿಗೆ ಹೋಗುತ್ತದೆ, ಬಡ್ಡಿ ವ್ಯವಹಾರಕ್ಕೆ ಹೋಗುತ್ತದೆ. ಅದರಲ್ಲಿ ಸ್ವಲ್ಪ ಸೊಸೈಟಿಗೆ ಬರಲಿ. ಇಬ್ಬರು ಸದಸ್ಯರ ಜಾಮೀನು ಮತ್ತು ಡೈರಿಯ ಹಾಲಿನ ಪುಸ್ತಕ ನೋಡಿ, ಪಹಣಿ ಕೇಳದೆ ಒಂದು ಹಸುವಿನಷ್ಟು ಸಾಲ ಕೊಡಲಿ. ಸಹಕಾರ ಇಲಾಖೆಯವರು ತಾಲ್ಲೂಕಿಗೆ ಒಂದು ಸಂಘದಲ್ಲಾದರೂ ಇದನ್ನು ಮಾಡಿ ನೋಡಲು ಒತ್ತಾಸೆ ಕೊಡಬೇಕು.

ನಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ಮೊದಲ ಠೇವಣಿಯಾಗಿ 25,000 ರೂಪಾಯಿ ಕಟ್ಟಲು ಎತ್ತಿಟ್ಟಿದ್ದೇನೆ. ಆ ಹೆಣ್ಣುಮಗಳು ಅರ್ಜಿ ಹಾಕಿದರೆ ಜಾಮೀನಿಗೆ ನನ್ನ ಸಹಿ ಇರುತ್ತದೆ. ಇನ್ನೊಂದು ಸಹಿ ಬೇಕು.

ನಿವೃತ್ತ ಸೊಸೈಟಿ ಕಾರ್ಯದರ್ಶಿ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ