ಕೋಬೆ ಭೂಕಂಪ: ಪಕ್ಕದ ಮನೆಯವರಿಗೆ ಗೊತ್ತಿದ್ದದ್ದು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಜಪಾನಿನ ಬಗ್ಗೆ ಬಂದ ಲೇಖನವನ್ನು ಫೋನಿನಲ್ಲಿ ಓದಿದೆ. ಕೋಬೆ ಊರಿನ ಬಗ್ಗೆ ಅದರಲ್ಲಿ ನಾಲ್ಕು ಸಾಲು ಇತ್ತು. 1995ರ ಭೂಕಂಪದಲ್ಲಿ ನೆಲಸಮವಾದ ಊರು ಕೆಲವೇ ವರ್ಷಗಳಲ್ಲಿ ಎದ್ದು ನಿಂತಿತು, ಶಿಸ್ತು ಜಪಾನೀಯರ ರಕ್ತದಲ್ಲೇ ಇದೆ, ಅಂತ. ನಾನು ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೊಂದು ವರ್ಷವಾಯಿತು. ನಾಗಾತಾ ಎಂಬ ವಾರ್ಡಿನಲ್ಲಿ, ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಳ್ಳುವ ಒಂದು ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಆ ನಾಲ್ಕು ಸಾಲು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಈ ಪತ್ರ ಸ್ವಲ್ಪ ಉದ್ದ ಆಯಿತು, ದಯವಿಟ್ಟು ಓದಿ.

ಮೊದಲು ಊರಿನ ಆಕಾರ ಹೇಳುತ್ತೇನೆ. ಕೋಬೆ ಒಂದು ಪಟ್ಟಿಯ ಹಾಗಿದೆ. ಒಂದು ಕಡೆ ರೊಕ್ಕೊ ಬೆಟ್ಟದ ಸಾಲು, ಎತ್ತರದ ತುದಿ 931 ಮೀಟರ್. ಇನ್ನೊಂದು ಕಡೆ ಸಮುದ್ರ. ನಡುವೆ ಎರಡು ಮೂರು ಕಿಲೋಮೀಟರ್ ಅಗಲದ ನೆಲ, ಅಷ್ಟೇ. ಇಲ್ಲಿ ದಾರಿ ಕೇಳಿದರೆ ಉತ್ತರ, ದಕ್ಷಿಣ ಅನ್ನುವವರು ಕಡಿಮೆ. 'ಯಾಮಾಗಾವಾ' ಅಂದರೆ ಬೆಟ್ಟದ ಕಡೆ, 'ಉಮಿಗಾವಾ' ಅಂದರೆ ಸಮುದ್ರದ ಕಡೆ. ಬಂದ ಹೊಸದರಲ್ಲಿ ನನಗೆ ಭಾಷೆ ಬರುತ್ತಿರಲಿಲ್ಲ, ಆದರೆ ಈ ಎರಡು ಪದ ಕಲಿತ ಮೇಲೆ ಒಂದು ದಿನವೂ ದಾರಿ ತಪ್ಪಲಿಲ್ಲ. ತಲೆ ಎತ್ತಿದರೆ ಬೆಟ್ಟ ಕಾಣುತ್ತದಲ್ಲ.

1868ರ ಜನವರಿ 1ರಂದು ಇಲ್ಲಿನ ಬಂದರು ವಿದೇಶಿ ಹಡಗುಗಳಿಗೆ ತೆರೆಯಿತು. ಆಮೇಲೆ ಊರು ಬೆಳೆದದ್ದೆಲ್ಲ ಬಂದರಿನಿಂದಲೇ. ಜಾಗ ಸಾಲದೆ ಹೋದಾಗ ಬೆಟ್ಟವನ್ನೇ ಕಡಿದು, ಆ ಮಣ್ಣನ್ನು ಕನ್ವೇಯರ್ ಬೆಲ್ಟಿನಲ್ಲಿ ಸುಮಾ ಕಡಲತೀರದವರೆಗೆ ತಂದು, ಅಲ್ಲಿಂದ ದೋಣಿಯಲ್ಲಿ ಸಾಗಿಸಿ ಸಮುದ್ರಕ್ಕೆ ಸುರಿದರು. ಪೋರ್ಟ್ ಐಲ್ಯಾಂಡ್ ಎಂಬ ದ್ವೀಪ ಹುಟ್ಟಿದ್ದು ಹೀಗೆ. ಕಡಿದು ಸಮ ಮಾಡಿದ ಬೆಟ್ಟದ ಮೇಲೆ ಬಡಾವಣೆ ಕಟ್ಟಿದರು. ನಿಮ್ಮ ಲೇಖಕರಿಗೆ ಇಷ್ಟವಾಗುವ ಜಪಾನ್ ಇದೇ ಅಂತ ಕಾಣುತ್ತದೆ. ತಪ್ಪೇನಿಲ್ಲ, ನನಗೂ ಇದನ್ನು ಕೇಳಿ ಬೆರಗಾಗಿತ್ತು.

ನಾಗಾತಾ ಮಾತ್ರ ಬೇರೆ. ಸಣ್ಣ ಓಣಿಗಳು, ಒತ್ತೊತ್ತಾಗಿ ಮರದ ಮನೆಗಳು, ಅವುಗಳ ನಡುವೆ ಚಪ್ಪಲಿ, ಶೂ ಮಾಡುವ ಸಣ್ಣ ಕಾರ್ಖಾನೆಗಳು. ಕೊರಿಯಾದವರು, ವಿಯೆಟ್ನಾಮಿನವರು ಇಲ್ಲಿ ಜಾಸ್ತಿ. ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಜ್ಜಿ ಮೂವತ್ತು ವರ್ಷ ಮನೆಯಲ್ಲೇ ಕೂತು ಶೂವಿನ ಮೇಲ್ಭಾಗ ಹೊಲಿದವರು. ಅವರ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿದೆ. ಸೂಜಿ ಹೊಕ್ಕ ಗುರುತು. ಸ್ನಾನ ಮಾಡಿಸುವಾಗ ನಾನು ಆ ಬೆರಳನ್ನು ಹಿಡಿದುಕೊಂಡರೆ ಅವರಿಗೆ ಮಾತು ಬರುತ್ತದೆ.

1995ರ ಜನವರಿ 17, ಬೆಳಿಗ್ಗೆ 5 ಗಂಟೆ 46 ನಿಮಿಷ. ಅಜ್ಜಿ ಕೆಳಗಿನ ಕೋಣೆಯಲ್ಲಿ ಮಲಗಿದ್ದರು. ಆ ಕಾಲದ ಮನೆಗಳಿಗೆ ತೂಕದ ಹೆಂಚು. ಬಿರುಗಾಳಿಗೆ ಅದು ಒಳ್ಳೆಯದು, ಭೂಕಂಪಕ್ಕೆ ಕೆಟ್ಟದ್ದು. ಮೇಲಿನ ಮಹಡಿ ಕೆಳಗಿನ ಕೋಣೆಯ ಮೇಲೆ ಕೂತುಬಿಟ್ಟಿತು. ಅಜ್ಜಿ ಹೊಲಿಗೆ ಮೆಷಿನ್ನಿನ ಪಕ್ಕದ ಸಂದಿಯಲ್ಲಿ ಉಳಿದರು. ಪಕ್ಕದ ಮನೆಯ ಅಕ್ಕಿ ಅಂಗಡಿಯವರು ಕಾರಿನ ಜಾಕ್ ತಂದು ತೊಲೆ ಎತ್ತಿ ಅವರನ್ನು ಹೊರಗೆ ಎಳೆದರು. ಅಜ್ಜಿ ಪ್ರತಿ ಸಲ ಹೇಳುವುದು ಒಂದೇ ಮಾತು: "ನಾನು ಯಾವ ಕೋಣೆಯಲ್ಲಿ ಮಲಗುತ್ತೇನೆ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಸರಿಯಾದ ಜಾಗದಲ್ಲೇ ಅಗೆದರು."

ಸಂಪಾದಕರೇ, ಇದು ಒಬ್ಬ ಅಜ್ಜಿಯ ಕಥೆ ಮಾತ್ರ ಅಲ್ಲ. ಅವತ್ತು ಮನೆಗಳ ಕೆಳಗೆ ಸಿಕ್ಕಿಕೊಂಡು ಬೇರೆಯವರ ಸಹಾಯ ಬೇಕಾದವರು ಸುಮಾರು 35,000 ಮಂದಿ ಅಂತ ಅಂದಾಜಿದೆ. ಅವರಲ್ಲಿ ಸುಮಾರು 27,000 ಜನರನ್ನು ಎಳೆದು ಹೊರಗೆ ತಂದವರು ಅಕ್ಕಪಕ್ಕದವರು. ಪೊಲೀಸರು, ಅಗ್ನಿಶಾಮಕದವರು, ಸೈನಿಕರು ತೆಗೆದದ್ದು ಉಳಿದವರನ್ನು. ಅವಾಜಿ ದ್ವೀಪದ ಹೊಕುದಾನ್ ಎಂಬ ಸಣ್ಣ ಊರು ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರ. ಅಲ್ಲಿ ಸುಮಾರು 300 ಜನರನ್ನು ಊರಿನವರೇ ಅಗೆದು ತೆಗೆದರು. ಸಂಜೆಯೊಳಗೆ ಪ್ರತಿಯೊಬ್ಬರ ಲೆಕ್ಕವೂ ಸಿಕ್ಕಿತ್ತು. ಯಾರ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ ಅಂತ ಅಲ್ಲಿಯೂ ಎಲ್ಲರಿಗೂ ಗೊತ್ತಿತ್ತು.

ಒಟ್ಟು 6,434 ಜನ ಸತ್ತರು. ಅರ್ಧಕ್ಕೂ ಹೆಚ್ಚು ಮಂದಿ ಅರವತ್ತು ದಾಟಿದವರು. ನಾಗಾತಾದಲ್ಲಿ ಬೆಂಕಿ ಹತ್ತಿತು, ನೀರಿನ ಪೈಪುಗಳು ಒಡೆದಿದ್ದವು, ನಲ್ಲಿಯಲ್ಲಿ ನೀರಿಲ್ಲ. ಓಣಿ ಓಣಿಯೇ ಸುಟ್ಟುಹೋಯಿತು. ಆದರೆ ಇದೇ ವಾರ್ಡಿನ ಮಾನೊ ಎಂಬ ಪ್ರದೇಶದಲ್ಲಿ ಬೆಂಕಿ ನಿಂತಿತು. ಜನ ಸಾಲಾಗಿ ನಿಂತು ಬಕೆಟ್ ದಾಟಿಸಿದರು. ಅಲ್ಲೇ ಇದ್ದ ಬೆಲ್ಟ್ ಕಾರ್ಖಾನೆಯ ಕೆಲಸಗಾರರು ತಮ್ಮ ಪಂಪ್ ಹೊತ್ತುಕೊಂಡು ಬಂದರು. ಓಣಿಗಳು ಅಂಥವೇ, ಮನೆಗಳು ಅಂಥವೇ, ಜನರೂ ಅದೇ ಜಪಾನೀಯರು. ರಕ್ತದ ಮಾತಾದರೆ ಎರಡೂ ಕಡೆ ಒಂದೇ ಅಲ್ವಾ?

ವ್ಯತ್ಯಾಸ ಎಲ್ಲಿತ್ತು ಅಂದರೆ, ಮಾನೊದವರು ಮೂವತ್ತು ವರ್ಷದಿಂದ ಒಟ್ಟಿಗೆ ಕೂತು ಜಗಳವಾಡಿದ್ದರು. 1960ರ ದಶಕದಲ್ಲಿ ಅಲ್ಲಿನ ಕಾರ್ಖಾನೆಗಳ ಹೊಗೆಯಿಂದ ಮಕ್ಕಳಿಗೆ ಉಬ್ಬಸ ಬರುತ್ತಿತ್ತು. ಮನೆಮನೆಯವರು ಸೇರಿ ಹೋರಾಡಿದರು. ಹೊಗೆ ಕಡಿಮೆಯಾದ ಮೇಲೆ ಸಭೆಗಳನ್ನು ನಿಲ್ಲಿಸಲಿಲ್ಲ. ಉದ್ಯಾನ ಎಲ್ಲಿ ಬೇಕು, ಯಾವ ರಸ್ತೆ ಅಗಲ ಆಗಬೇಕು, ಒಂಟಿ ಮುದುಕರಿಗೆ ಊಟ ಯಾರು ಕೊಂಡೊಯ್ಯಬೇಕು ಅಂತ ಮಾತಾಡುತ್ತಲೇ ಇದ್ದರು. ಇದಕ್ಕೆ ಇಲ್ಲಿ 'ಮಾಚಿಜುಕುರಿ' ಅನ್ನುತ್ತಾರೆ, ಊರು ಕಟ್ಟುವುದು ಅಂತ ಅರ್ಥ. 1981ರಲ್ಲಿ ಕೋಬೆ ನಗರಸಭೆ ಇಂಥ ಸಭೆಗಳಿಗೆ ಅಧಿಕೃತ ಮನ್ನಣೆ ಕೊಡುವ ನಿಯಮವನ್ನೇ ಮಾಡಿತು. ಕಾರ್ಖಾನೆಯವರ ಜೊತೆ ಜಗಳವಾಡಿ ಆಡಿಯೇ ಅವರ ಪರಿಚಯ ಆಗಿತ್ತು. ಅದಕ್ಕೇ ಅವತ್ತು ಕಾರ್ಖಾನೆಯ ಪಂಪ್ ಬಂತು.

ಇನ್ನು ನಿಮ್ಮ ಲೇಖನದ 'ಕೆಲವೇ ವರ್ಷಗಳಲ್ಲಿ' ಅನ್ನುವ ಮಾತು. ಭೂಕಂಪವಾಗಿ ಸರಿಯಾಗಿ ಎರಡು ತಿಂಗಳಿಗೆ, ಮಾರ್ಚ್ 17ರಂದು, ನಗರಸಭೆ ಮರುನಿರ್ಮಾಣದ ನಕ್ಷೆಗೆ ಒಪ್ಪಿಗೆ ಹಾಕಿತು. ಜನ ಇನ್ನೂ ಶಾಲೆಗಳ ನೆಲದ ಮೇಲೆ ಮಲಗುತ್ತಿದ್ದರು. ಸಿಟ್ಟು ಬಂತು, ಗಲಾಟೆ ಆಯಿತು. ಆಮೇಲೆ ಸಣ್ಣ ರಸ್ತೆ, ಉದ್ಯಾನದಂಥ ವಿವರಗಳನ್ನು ಸ್ಥಳೀಯರ ಸಭೆಗಳ ಜೊತೆ ಕೂತು ತೀರ್ಮಾನಿಸಲು ಒಪ್ಪಿದರು. ನನ್ನ ಕೇಂದ್ರದ ಹತ್ತಿರದ ಶಿನ್-ನಾಗಾತಾ ನಿಲ್ದಾಣದ ದಕ್ಷಿಣಕ್ಕೆ ದೊಡ್ಡ ದೊಡ್ಡ ಕಟ್ಟಡ ಎಬ್ಬಿಸಿದರು. ಆ ಕೆಲಸ ಮುಗಿಯಲು ಹೆಚ್ಚುಕಡಿಮೆ ಮೂವತ್ತು ವರ್ಷ ಹಿಡಿಯಿತು. ಮಧ್ಯಾಹ್ನ ಅಲ್ಲಿ ನಡೆದರೆ ಶಟರ್ ಎಳೆದ ಅಂಗಡಿಗಳನ್ನು ನೀವೇ ಎಣಿಸಬಹುದು. ಹಳೆಯ ಓಣಿಯಲ್ಲಿ ಮೀನು, ತೋಫು ಮಾರುತ್ತಿದ್ದವರಿಗೆ ಆ ಕಟ್ಟಡದ ಖರ್ಚು ತೂಗಲಿಲ್ಲ.

ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಲಾಟರಿಯ ವಿಷಯ. ಮನೆ ಕಳೆದುಕೊಂಡವರಿಗಾಗಿ ಸುಮಾರು 48,000 ತಾತ್ಕಾಲಿಕ ಮನೆ ಕಟ್ಟಿದರು. ಊರೊಳಗೆ ಜಾಗ ಇರಲಿಲ್ಲ, ಆಗಲೇ ಹೇಳಿದೆನಲ್ಲ, ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಒಂದು ಪಟ್ಟಿ. ಹಾಗಾಗಿ ಮಣ್ಣು ತುಂಬಿದ ದ್ವೀಪದ ಮೇಲೆ, ಬೆಟ್ಟದಾಚೆಯ ಬಡಾವಣೆಗಳಲ್ಲಿ ಕಟ್ಟಿದರು. ಯಾರಿಗೂ ಅನ್ಯಾಯ ಆಗಬಾರದು ಅಂತ ಚೀಟಿ ಎತ್ತಿದರು. ವಯಸ್ಸಾದವರಿಗೆ, ಅಂಗವಿಕಲರಿಗೆ ಮೊದಲ ಆದ್ಯತೆ. ಉದ್ದೇಶ ಒಳ್ಳೆಯದೇ. ಆದರೆ ಒಂದೇ ಓಣಿಯ ಹತ್ತು ಮನೆಯವರು ಹತ್ತು ದಿಕ್ಕಿಗೆ ಹೋದರು. ಒಂಟಿ ಮುದುಕರೆಲ್ಲ ಒಂದು ಕಡೆ ಸೇರಿದರು, ಒಬ್ಬರಿಗೊಬ್ಬರು ಗುರುತಿಲ್ಲ. ಆ ತಾತ್ಕಾಲಿಕ ಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಯಾರಿಗೂ ಗೊತ್ತಾಗದ ಹಾಗೆ ಸತ್ತರು. ಇಲ್ಲಿ ಇದಕ್ಕೆ 'ಕೊದೊಕುಶಿ' ಎಂಬ ಪದವೇ ಇದೆ, ಒಂಟಿ ಸಾವು.

ನಮ್ಮ ಅಜ್ಜಿಗೆ ಬೆಟ್ಟದಾಚೆ ಮನೆ ಸಿಕ್ಕಿತು. ತಗಡಿನ ಗೋಡೆ, ಬೇಸಿಗೆಯಲ್ಲಿ ಕಾವಲಿ, ಚಳಿಗಾಲದಲ್ಲಿ ಐಸು. ಅಕ್ಕಿ ಅಂಗಡಿಯವರು ದ್ವೀಪದ ಕಡೆ ಹೋದರು. ಅಜ್ಜಿ ಮೂರೂವರೆ ವರ್ಷ ಅಲ್ಲಿದ್ದರು. "ಅಲ್ಲಿ ಇನ್ನೊಂದು ಸಲ ನೆಲ ನಡುಗಿದ್ದರೆ ಎಲ್ಲಿ ಅಗೆಯಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ" ಅಂತ ಹೇಳಿ ಬೆರಳನ್ನು ನನ್ನ ಕೈಯಿಂದ ಬಿಡಿಸಿಕೊಂಡರು.

ಕೋಬೆಯನ್ನು ನಾನು ಮೆಚ್ಚುವುದು ಈ ತಪ್ಪನ್ನು ಮುಚ್ಚಿಡಲಿಲ್ಲ ಅನ್ನುವುದಕ್ಕೆ. ಇಲ್ಲಿನ ಡಾಕ್ಟರುಗಳು, ನರ್ಸುಗಳು, ಸ್ವಯಂಸೇವಕರು ಅದನ್ನು ಬರೆದರು, ಬೇರೆ ಊರುಗಳಿಗೆ ಹೋಗಿ ಹೇಳಿದರು. 2004ರಲ್ಲಿ ನೀಗಾತಾ ಎಂಬ ಬೇರೆ ಪ್ರಾಂತ್ಯದಲ್ಲಿ ಭೂಕಂಪವಾದಾಗ ಯಮಕೋಶಿ ಎಂಬ ಬೆಟ್ಟದ ಹಳ್ಳಿಯನ್ನೇ ಖಾಲಿ ಮಾಡಿಸಬೇಕಾಯಿತು. ಅಲ್ಲಿ ಚೀಟಿ ಎತ್ತಲಿಲ್ಲ. ಯಾವ ಕೇರಿಯವರು ಆ ಕೇರಿಯವರ ಜೊತೆಯೇ ಇರುವ ಹಾಗೆ ತಾತ್ಕಾಲಿಕ ಮನೆ ಕೊಟ್ಟರು.

ಮುಂದಿನ ಸಲ ಕೋಬೆಯ ಬಗ್ಗೆ ಬರೆಸುವಾಗ ದಯವಿಟ್ಟು ಇದನ್ನು ಬರೆಸಿ. ಮಾನೊದ ಸಭೆಗಳ ಬಗ್ಗೆ, ಲಾಟರಿಯ ಬಗ್ಗೆ. 'ರಕ್ತದಲ್ಲೇ ಇದೆ' ಅಂದರೆ ಓದುಗರಿಗೆ ಕಲಿಯಲು ಏನೂ ಉಳಿಯುವುದಿಲ್ಲ. ಈ ಜನ ರಾತ್ರಿ ಊಟ ಬಿಟ್ಟು ಸಭೆಗೆ ಹೋದದ್ದಕ್ಕೂ ಬೆಲೆ ಇಲ್ಲದ ಹಾಗಾಗುತ್ತದೆ.

ಹೋದ ತಿಂಗಳು ನಮ್ಮ ಬೀದಿಯ ಸಂಘದ ಹಿರಿಯರೊಬ್ಬರು ಒಂದು ಚೀಟಿ ಹಿಡಿದು ನಮ್ಮ ಮನೆಗೂ ಬಂದರು. ಮನೆಯಲ್ಲಿ ಎಷ್ಟು ಜನ, ರಾತ್ರಿ ಯಾರು ಎಲ್ಲಿ ಮಲಗುತ್ತೀರಿ, ಬರೆದುಕೊಡಿ ಅಂದರು. ಬಾಗಿಲಲ್ಲೇ ನಿಂತು ಬರೆದೆ. ಮೂರು ಜನ. ನಾನು, ನನ್ನ ಗಂಡ ಕೆಳಗೆ, ಸಮುದ್ರದ ಕಡೆಯ ಕೋಣೆ. ಮಗಳು ಮೇಲೆ, ಬೆಟ್ಟದ ಕಡೆ.

— ನಿಮ್ಮ ಓದುಗಳು
ನಾಗಾತಾ ವಾರ್ಡ್, ಕೋಬೆ, ಜಪಾನ್