ಕೀಟನಾಶಕ ಮಾರಾಟದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಹಕಾರ ಸಂಘವು ಮನೆಯ ಕೈತೋಟಗಳಿಗೆ ರಾಸಾಯನಿಕ ಕೀಟನಾಶಕಗಳನ್ನು ಮಾರುವುದಿಲ್ಲ. ಬೆಳೆಗಾರರಿಗೆ, ಪೀಡೆ ತಗುಲಿದ ಎಲೆಯನ್ನೋ ಕಾಯಿಯನ್ನೋ ನೋಡಿದ ಮೇಲಷ್ಟೇ ಕೊಡುತ್ತದೆ. ಇಷ್ಟು ವರ್ಷ ಕೇಳಿದ ಕೂಡಲೇ ಡಬ್ಬಿ ತೆಗೆದುಕೊಟ್ಟವರು ಈಗ ಎಲೆ ತನ್ನಿ ಎನ್ನುವುದೇಕೆಂದು ನಿಮಗೆ ತಿಳಿಸುವುದು ನಮ್ಮ ಕರ್ತವ್ಯ.

ಕಳೆದ ಹಂಗಾಮಿನಲ್ಲಿ ಸದಸ್ಯರೊಬ್ಬರು ಗುಲಾಬಿಯ ಚಿಗುರೊಂದನ್ನು ತಂದು, ಎರಡು ಬಾರಿ ಸಿಂಪಡಿಸಿದರೂ ಹುಳು ಹೋಗಿಲ್ಲ, ಇನ್ನೂ ಕಟುವಾದದ್ದು ಕೊಡಿ ಎಂದರು. ಎಲೆಯ ಅಡಿಯಲ್ಲಿ ಹಸಿರು ಗಿಡಹೇನುಗಳು ಮುತ್ತಿಕೊಂಡಿದ್ದವು. ಅವುಗಳ ನಡುವೆ, ಕಪ್ಪು ಮೈಯ ಮೇಲೆ ಕಿತ್ತಳೆ ಚುಕ್ಕೆಗಳಿದ್ದ ಹುಳುವೊಂದು ಸತ್ತು ಅಂಟಿಕೊಂಡಿತ್ತು. ಅವರು ಶತ್ರುವೆಂದು ಬೆರಳಿಟ್ಟು ತೋರಿಸಿದ್ದು ಅದನ್ನೇ. ಅದು ಗುಲಗಂಜಿ ಹುಳುವಿನ (ಲೇಡಿಬರ್ಡ್) ಮರಿ. ಗಿಡಹೇನುಗಳನ್ನು ತಿಂದೇ ಬೆಳೆಯುವಂಥದ್ದು. ಹಿಂದಿನ ಎರಡು ಡಬ್ಬಿಗಳನ್ನು ಒಂದು ಮಾತೂ ವಿಚಾರಿಸದೆ ಕೊಟ್ಟವರು ನಾವೇ ಎಂಬುದು ನಮಗೆ ಬಹಳ ನೋವು ತಂದಿತು. ಗಿಡಹೇನಿನ ಹೆಣ್ಣು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ, ಆ ಮರಿ ಬೆಚ್ಚನೆಯ ಹವೆಯಲ್ಲಿ ವಾರ, ಹತ್ತು ದಿನಗಳಲ್ಲೇ ತಾನೂ ಮರಿ ಹಾಕತೊಡಗುತ್ತದೆ; ಗುಲಗಂಜಿ ಹುಳು ಮೊಟ್ಟೆಯಿಂದ ಬೆಳೆದು ನಿಲ್ಲಲು ಮೂರು ನಾಲ್ಕು ವಾರ ಬೇಕು. ಹೀಗಾಗಿ ಎರಡನ್ನೂ ಕೊಲ್ಲುವ ವಿಷ ಹೊಡೆದಾಗ ಮೊದಲು ಚೇತರಿಸಿಕೊಳ್ಳುವುದು ಪೀಡೆಯೇ.

ರಾಸಾಯನಿಕವೆಂದರೆ ಕೇಡು ಎನ್ನುವ ವಾದವನ್ನು ನಾವು ಒಪ್ಪುವುದಿಲ್ಲ. 1939ರಲ್ಲಿ ಕೀಟಗಳನ್ನು ಕೊಲ್ಲುವ ಗುಣ ಗೊತ್ತಾದ ಡಿಡಿಟಿ, ಮಲೇರಿಯಾ ಮತ್ತು ಟೈಫಸ್‌ನಿಂದ ಅಸಂಖ್ಯ ಜೀವಗಳನ್ನು ಉಳಿಸಿತು. ಅದು ಮಣ್ಣಿನಲ್ಲಿ, ಪ್ರಾಣಿಗಳ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆಂದು ತಿಳಿದ ಮೇಲೆ, 2001ರ ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಒಪ್ಪಂದವು ಕೃಷಿಯಲ್ಲಿ ಅದರ ಬಳಕೆಯನ್ನು ನಿಲ್ಲಿಸಿ, ರೋಗ ಹರಡುವ ಕೀಟಗಳ ವಿರುದ್ಧ ಮಾತ್ರ ಅವಕಾಶ ಉಳಿಸಿತು. ಬೇಕಾದಲ್ಲಿ ಬಳಸಿ ಬೇಡವಾದಲ್ಲಿ ಬಿಡುವ ಆ ದಾರಿಯೇ ನಮಗೂ ಸರಿಯೆನಿಸುತ್ತದೆ. ಬೆಳೆಯನ್ನೇ ನಂಬಿದವರಿಗೆ ಹೊತ್ತಿಗೆ ಸರಿಯಾದ ಒಂದು ಸಿಂಪಡಣೆ ವರ್ಷದ ದುಡಿಮೆಯನ್ನು ಕಾಯಬಹುದು; ಕೈತೋಟದ ನಾಲ್ಕು ಗಿಡಗಳಿಗೆ ಆ ಅನಿವಾರ್ಯತೆ ಇಲ್ಲ, ಅಲ್ಲಿ ಮಕ್ಕಳು ಆಡುತ್ತಾರೆ, ಹೂವಿಗೆ ಜೇನು ಬರುತ್ತದೆ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳು ಬೇರಿನಿಂದ ಏರಿ ಪರಾಗ, ಮಕರಂದಗಳನ್ನೂ ಸೇರುತ್ತವೆ. ಐರೋಪ್ಯ ಒಕ್ಕೂಟವು 2018ರಲ್ಲಿ ಅದನ್ನೂ ಅದರ ಬಳಗದ ಇನ್ನೆರಡನ್ನೂ ಬಯಲಿನ ಬೆಳೆಗಳಿಗೆ ನಿಷೇಧಿಸಿದ್ದು ಜೇನುನೊಣಗಳಿಗೆ ಆಗುವ ಹಾನಿಯ ಕಾರಣಕ್ಕೆ.

ಈ ನಿರ್ಧಾರದಿಂದ ಸಂಘದ ವ್ಯಾಪಾರ ತಗ್ಗುವುದು ಖಚಿತ. ಅದನ್ನು ತಿಳಿದೇ ಮುಂದಾಗಿದ್ದೇವೆ.

ಕೈತೋಟಕ್ಕೆ ಸಾಬೂನಿನ ದ್ರಾವಣ ಮತ್ತು ಬಿ.ಟಿ. (ಬ್ಯಾಸಿಲಸ್ ತುರಿಂಜಿಯೆನ್ಸಿಸ್) ಬ್ಯಾಕ್ಟೀರಿಯಾದ ಪುಡಿ ಎಂದಿನಂತೆ ಸಿಗುತ್ತವೆ. ಸಾಬೂನು ಹುಳುವಿನ ಮೈಗೆ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ. ಎಲೆ ತಿನ್ನುವ ಕಂಬಳಿಹುಳುಗಳಿಗೆ ಹಾಕುವ ಬಿ.ಟಿ. ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುವುದರಿಂದ ಸಂಜೆಯೇ ಸಿಂಪಡಿಸಬೇಕು. ಈಗಾಗಲೇ ಕೊಂಡ, ಮುಚ್ಚಳ ತೆರೆಯದ ಡಬ್ಬಿಗಳನ್ನು ರಸೀದಿಯೊಡನೆ ತಂದರೆ ಹಣ ಮರಳಿಸುತ್ತೇವೆ. ತೆರೆದದ್ದನ್ನು ದಯವಿಟ್ಟು ಚರಂಡಿಗೆ ಸುರಿಯಬೇಡಿ. ಪೀಡೆ ತೋರಿಸಲು ಬರುವ ಬೆಳೆಗಾರರು ಎಲೆಯನ್ನು ಹುಳುವಿನ ಸಮೇತ ಕಿತ್ತು, ಪಾರದರ್ಶಕ ಚೀಲದಲ್ಲಿ ಕಟ್ಟಿ ಅದೇ ದಿನ ತನ್ನಿ. ಬಾಡಿದ ಎಲೆಯಲ್ಲಿ ಗುರುತು ಹಿಡಿಯುವುದು ಕಷ್ಟ.

ಇಂತಿ ನಿಮ್ಮ ವಿಶ್ವಾಸಿ,
ಆಡಳಿತ ಮಂಡಳಿಯ ಪರವಾಗಿ, ಕಾರ್ಯದರ್ಶಿ